ಅಜ್ಜಿ ಮನೆಯ ಕನ್ನಡಿ ಪೆಟ್ಟಿಗೆ: ಯಾವ ಕಾಲದ್ದು, ಬೆಲೆ ಎಷ್ಟು?

ಪ್ರಶ್ನೆ: ಉಡುಪಿ ಹತ್ತಿರದ ಅಜ್ಜಿ ಮನೆಯನ್ನು ಬಿಚ್ಚುವಾಗ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತು. 12 ಇಂಚು ಉದ್ದ, 9 ಇಂಚು ಅಗಲ, 7 ಇಂಚು ಎತ್ತರ. ಕಪ್ಪು ಮರದಲ್ಲಿ ಕಂದು ಪಟ್ಟೆಗಳು, ಅಂಚಿಗೆ ಹಿತ್ತಾಳೆ ಪಟ್ಟಿ. ಒಳಗೆ ಮಾಸಿದ ನೀಲಿ ಮಖಮಲ್ಲು, ಮುಚ್ಚಳದಲ್ಲಿ ಕನ್ನಡಿ. ಬಾಟಲಿ ಇಡುವ 10 ಗೂಡುಗಳಿವೆ, ಬಾಟಲಿ 7 ಮಾತ್ರ. ಐದು ಬಾಟಲಿಗಳ ಮುಚ್ಚಳದಲ್ಲಿ ಸಿಂಹ, ಚಿರತೆಯ ಮುಖ, ಹೆಂಗಸಿನ ತಲೆ ಮತ್ತು ಇಂಗ್ಲಿಷಿನ ಎಚ್ ಅಕ್ಷರದ ಸಣ್ಣ ಮುದ್ರೆಗಳಿವೆ. ಉಳಿದೆರಡರಲ್ಲಿ ಇಪಿಎನ್‌ಎಸ್ ಎಂದಿದೆ. ಬಿಳಿ ಹಿಡಿಯ ಉಗುರಿನ ಅರ ಮತ್ತು ಕೊಕ್ಕೆಯಂಥದ್ದೊಂದು ಇದೆ. ಬೀಗದ ಕೈ ಇಲ್ಲ. ಒಳಬದಿಯಲ್ಲಿ ಹಿತ್ತಾಳೆಯ ಗುಂಡಿಯಿದೆ, ಒತ್ತಿದರೆ ಏನೂ ಆಗುವುದಿಲ್ಲ. ಹಳೆ ಸಾಮಾನಿನ ವ್ಯಾಪಾರಿ 8,000 ರೂಪಾಯಿ ಕೊಡುತ್ತೇನೆ ಎನ್ನುತ್ತಾರೆ. ನೆರೆಮನೆಯವರು ಪಾಲಿಶ್ ಹೊಡೆಸಿ ಮಾರಿ ಎನ್ನುತ್ತಾರೆ. ಏನಿದು, ಎಷ್ಟು ಹಳೆಯದು, ಏನು ಮಾಡಲಿ?

ಉತ್ತರ: ಮೊದಲಿಗೆ ಮೂರು ಮಾತು. ಪಾಲಿಶ್ ಹೊಡೆಸಬೇಡಿ. 8,000ಕ್ಕೆ ಕೊಡಬೇಡಿ. ಆ ಗುಂಡಿಯನ್ನು ಜೋರಾಗಿ ಒತ್ತಬೇಡಿ, ಕೆಳಗಿನ ಸಂದಿಗೆ ಚಾಕು ಹಾಕಲೂ ಬೇಡಿ. ಇಂಥ ಪೆಟ್ಟಿಗೆಯ ಬೆಲೆ ನಿಲ್ಲುವುದು ಎರಡೇ ವಿಷಯದ ಮೇಲೆ: ಒಳಗಿನ ಸಾಮಾನೆಲ್ಲ ಪೆಟ್ಟಿಗೆಯ ಜೊತೆಗೇ ಹುಟ್ಟಿದ್ದೇ, ಮತ್ತು ನಡುವೆ ಯಾರಾದರೂ ಕೈಯಾಡಿಸಿದ್ದಾರೆಯೇ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಇವತ್ತು ನಿಮ್ಮ ಕೈಯಲ್ಲಿದೆ.

ನೀವು ಬರೆದದ್ದನ್ನು ನೋಡಿದರೆ ಇದು ಇಂಗ್ಲೆಂಡಿನಲ್ಲಿ ತಯಾರಾದ ಡ್ರೆಸ್ಸಿಂಗ್ ಕೇಸ್, ನಮ್ಮಲ್ಲಿ ಕನ್ನಡಿ ಪೆಟ್ಟಿಗೆ ಎನ್ನುವ ಜಾತಿಯದ್ದು. 18ನೇ ಶತಮಾನದ ಕೊನೆಯಲ್ಲಿ ಪ್ರಯಾಣ ಮಾಡುವ ಗಂಡಸರಿಗಾಗಿ, ಕ್ಷೌರದ ಕತ್ತಿ, ಸೋಪು, ಹಲ್ಲುಜ್ಜುವ ಬ್ರಶ್ಶು ಇಡಲು ಇವು ಶುರುವಾದವು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಹೆಂಗಸರ ಪೆಟ್ಟಿಗೆಗಳೇ ಹೆಚ್ಚಾದವು: ಅತ್ತರಿಗೆ, ಪೌಡರಿಗೆ, ಕೂದಲಿನ ಎಣ್ಣೆಗೆ, ಸೂಜಿ ಪಿನ್ನಿಗೆ ಒಂದೊಂದು ಗಾಜಿನ ಪಾತ್ರೆ, ಅವಕ್ಕೆ ಬೆಳ್ಳಿಯ ಮುಚ್ಚಳ, ಕೆಳಗೆ ಒಡವೆಗೆ ಒಂದು ಗುಟ್ಟಿನ ಡ್ರಾಯರು. 1799ರಿಂದ 1947ರವರೆಗೆ ನಮ್ಮ ಜಿಲ್ಲೆ ಬ್ರಿಟಿಷರ ಕೈಯಲ್ಲಿತ್ತು. ಅಧಿಕಾರಿಗಳು, ಮಿಶನರಿಗಳು, ಕಾಫಿ ಮತ್ತು ಹಂಚಿನ ವ್ಯವಹಾರದವರು ಬಂದು ಹೋದ ಊರು. ಊರು ಬಿಡುವಾಗ ಸಾಮಾನು ಮಾರಿ ಹೋಗುವುದು ಆಗ ರೂಢಿ. ಹಾಗಾಗಿ ಗುತ್ತಿನ ಮನೆಯ ಅಟ್ಟದಲ್ಲೂ ಕ್ರೈಸ್ತ ಮನೆತನಗಳ ಕಪಾಟಿನಲ್ಲೂ ಇಂಥವು ಸಿಕ್ಕರೆ ಆಶ್ಚರ್ಯವಿಲ್ಲ.

ಮುದ್ರೆ ಓದುವುದು

ನಿಮ್ಮ ಪೆಟ್ಟಿಗೆಯ ಜಾತಕ ಇರುವುದು ಆ ಐದು ಮುಚ್ಚಳಗಳಲ್ಲಿ. ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲನ್ನು ಮ್ಯಾಕ್ರೋದಲ್ಲಿಟ್ಟು, ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ಮುಚ್ಚಳಕ್ಕೆ ಹೆಚ್ಚುಕಡಿಮೆ ಒರಗಿದಂತೆ ಹಿಡಿದು ಫೋಟೋ ತೆಗೆಯಿರಿ. ನೇರ ಬೆಳಕಿನಲ್ಲಿ ಬೆಳ್ಳಿ ಹೊಳೆಯುತ್ತದೆ, ಮುದ್ರೆ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಮುದ್ರೆಯ ಪ್ರತಿ ತಗ್ಗಿಗೂ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ.

ನಡೆಯುವ ಸಿಂಹವೆಂದರೆ ಸ್ಟರ್ಲಿಂಗ್ ಬೆಳ್ಳಿ, ಸಾವಿರಕ್ಕೆ 925 ಪಾಲು. ಚಿರತೆಯ ಮುಖ ಲಂಡನ್ನಿನ ಪರೀಕ್ಷಾ ಕಚೇರಿಯದು. ಅದರ ತಲೆಯ ಮೇಲೆ ಕಿರೀಟ ಇದ್ದರೆ 1821ಕ್ಕಿಂತ ಹಿಂದಿನದು, ಇಲ್ಲದಿದ್ದರೆ ಅನಂತರದ್ದು. ಅದರ ಬದಲು ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಕಿರೀಟ ಇದ್ದರೆ ಶೆಫೀಲ್ಡ್. ಹೆಂಗಸಿನ ತಲೆ ವಿಕ್ಟೋರಿಯಾ ರಾಣಿಯದು, ಎಡಕ್ಕೆ ಮುಖ ಮಾಡಿರುತ್ತಾಳೆ. ಅದು ಬೆಳ್ಳಿಯ ಮೇಲಿನ ಸುಂಕ ಕಟ್ಟಿದ ಗುರುತು. 1784ರಲ್ಲಿ ಶುರುವಾದ ಈ ಪದ್ಧತಿ 1890ರಲ್ಲಿ ನಿಂತಿತು. ಅಲ್ಲಿಗೆ ನಿಮ್ಮ ಮುಚ್ಚಳಗಳು ವಿಕ್ಟೋರಿಯಾ ಪಟ್ಟಕ್ಕೆ ಬಂದ ಮೇಲಿನವು, 1890ಕ್ಕಿಂತ ಈಚಿನವಲ್ಲ ಎಂದು ಖಚಿತವಾಯಿತು.

ಇನ್ನು ಎಚ್ ಅಕ್ಷರ. ಲಂಡನ್ನಿನವರು ವರ್ಷಕ್ಕೊಂದು ಅಕ್ಷರದಂತೆ ಎ ಯಿಂದ ಯು ವರೆಗೆ, ಜೆ ಬಿಟ್ಟು, 20 ಅಕ್ಷರ ಬಳಸುತ್ತಿದ್ದರು. 20 ವರ್ಷ ಮುಗಿದರೆ ಅಕ್ಷರದ ಶೈಲಿಯನ್ನೂ ಅದರ ಸುತ್ತಲಿನ ಗುರಾಣಿಯ ಆಕಾರವನ್ನೂ ಬದಲಿಸಿ ಮತ್ತೆ ಎ ಯಿಂದ ಶುರು. ವಿಕ್ಟೋರಿಯಾ ಕಾಲದಲ್ಲಿ ಎಚ್ ಮೂರು ಬಾರಿ ಬಂದಿದೆ. ಹಳೆಯ ಬೈಬಲ್ಲಿನ ಅಕ್ಷರದಂತೆ ಬಳ್ಳಿಬಳ್ಳಿಯಾದ ದೊಡ್ಡಕ್ಷರವಾದರೆ 1843, ಅದೇ ಶೈಲಿಯ ಚಿಕ್ಕಕ್ಷರವಾದರೆ 1863, ನೇರ ಗೆರೆಯ ಸಾದಾ ದೊಡ್ಡಕ್ಷರವಾದರೆ 1883. ಅಕ್ಷರ ಬದಲಾಗುತ್ತಿದ್ದುದು ಮೇ ತಿಂಗಳಲ್ಲಾದ್ದರಿಂದ 1883 ಎಂದರೆ ಅದು 1884ರ ಮೇ ತನಕವೂ ಆಗಬಹುದು. ಬರೀ ಅಕ್ಷರ ನೋಡಿ ಪಟ್ಟಿಯಲ್ಲಿ ವರ್ಷ ಹುಡುಕುವವರು ತಪ್ಪುವುದು ಇಲ್ಲೇ, ಒಂದೇ ಏಟಿಗೆ 40 ವರ್ಷ ಹೆಚ್ಚುಕಡಿಮೆ.

ಐದೂ ಮುಚ್ಚಳಗಳಲ್ಲಿ ಒಂದೇ ಎಚ್, ಒಂದೇ ತಯಾರಕರ ಮೊದಲಕ್ಷರಗಳು ಇವೆಯೇ ಎಂದು ನೋಡಿ. ಚಿಕ್ಕ ಮುಚ್ಚಳಗಳಲ್ಲಿ ಜಾಗ ಸಾಲದೆ ಸಿಂಹ ಮತ್ತು ತಯಾರಕರ ಗುರುತು ಮಾತ್ರ ಇದ್ದರೆ ಚಿಂತೆಯಿಲ್ಲ. ಅಕ್ಷರ ಒಂದೆರಡು ವರ್ಷ ಹಿಂದೆಮುಂದಾದರೂ ಸರಿ, ಅಂಗಡಿಯವರು ಮೊದಲೇ ಮಾಡಿಟ್ಟ ಮುಚ್ಚಳ ಹಾಕಿರುತ್ತಾರೆ. ಆದರೆ ಒಂದು 1863, ಇನ್ನೊಂದು 1883 ಎಂದಾದರೆ ಎರಡು ಪೆಟ್ಟಿಗೆಯ ಸಾಮಾನು ಸೇರಿಸಿ ಒಂದು ಮಾಡಿದ್ದಾರೆ ಎಂದೇ ಅರ್ಥ.

ಇಪಿಎನ್‌ಎಸ್ ಎಂದಿರುವ ಎರಡು ಮುಚ್ಚಳ ಬೆಳ್ಳಿಯವಲ್ಲ. ನಿಕ್ಕೆಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ತೆಳು ಲೇಪ ಕೊಟ್ಟದ್ದು. ಇಂಗ್ಲೆಂಡಿನಲ್ಲಿ ಎಲ್ಕಿಂಗ್ಟನ್ ಎಂಬ ತಯಾರಕರು 1840ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಜರ್ಮನ್ ಸಿಲ್ವರ್ ಎಂದು ನಮ್ಮ ಅಂಗಡಿಗಳಲ್ಲಿ ಮಾರುವುದರಲ್ಲಿ ಹೆಸರಿಗೆ ಬಿಟ್ಟರೆ ಬೆಳ್ಳಿಯೇ ಇಲ್ಲ. ಅದೇ ಲೋಹ ಇಲ್ಲಿ ಒಳಗಿದೆ. ಒಳ್ಳೆ ಪೆಟ್ಟಿಗೆಗೆ ಅಂಗಡಿಯವರು ಅರ್ಧ ಬೆಳ್ಳಿ ಅರ್ಧ ಲೇಪ ಹಾಕಿ ಮಾರುತ್ತಿರಲಿಲ್ಲ. ಆದ್ದರಿಂದ ಆ ಎರಡು ಬಾಟಲಿ ಅನಂತರ ಬಂದವು ಎಂದು ನನ್ನ ಅನುಮಾನ. ಖಚಿತ ಮಾಡಿಕೊಳ್ಳಲು ಏಳು ಬಾಟಲಿಗಳನ್ನೂ ಬೋರಲು ಹಾಕಿ ತಳ ನೋಡಿ. ಕೈಯಲ್ಲಿ ಕೊರೆದ ನಕ್ಷತ್ರದ ಗೀರುಗಳು ಎಲ್ಲದರಲ್ಲೂ ಒಂದೇ ಸಂಖ್ಯೆಯಲ್ಲಿ, ಒಂದೇ ಆಳದಲ್ಲಿ ಇರಬೇಕು. ಪ್ರತಿ ಬಾಟಲಿಯೂ ತನ್ನ ಗೂಡಿನಲ್ಲಿ ಬೆರಳು ಹಿಡಿದು ಎತ್ತುವಷ್ಟೇ ಬಿಗಿಯಾಗಿ ಕೂರಬೇಕು. ಗಡಗಡ ಅಲುಗಾಡಿದರೆ ಅದು ಆ ಗೂಡಿನದ್ದಲ್ಲ. ಮುಚ್ಚಳಗಳ ಮೇಲೆ ಹೆಸರಿನ ಅಕ್ಷರ ಕೆತ್ತಿದ್ದರೆ ಅದೇ ಅಕ್ಷರ ಪೆಟ್ಟಿಗೆಯ ನೆತ್ತಿಯ ಹಿತ್ತಾಳೆ ಫಲಕದಲ್ಲೂ ಇದೆಯೇ ನೋಡಿ. ಎರಡೂ ಹೊಂದಿದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮರ, ಬೀಗ, ಕನ್ನಡಿ

ಕಪ್ಪಿನಲ್ಲಿ ಕಂದು ಪಟ್ಟೆ ಎಂದಿರಿ. ಬೀಟೆಯಲ್ಲಿ ನೇರಳೆಗಂದಿನ ಮೇಲೆ ಕಪ್ಪು ಗೆರೆ ಇರುತ್ತದೆ, ನಿಮ್ಮದರಲ್ಲಿ ಅದು ತಿರುಗುಮುರುಗು. ಇದು ವ್ಯಾಪಾರದಲ್ಲಿ ಕೋರಮಂಡಲ್ ಎಂದು ಕರೆಯುತ್ತಿದ್ದ, ಕರಿಮರದ ಜಾತಿಗೆ ಸೇರಿದ ಮರ. ಡ್ರೆಸ್ಸಿಂಗ್ ಕೇಸುಗಳಲ್ಲಿ ಅದನ್ನು ಮೇಲ್ದರ್ಜೆಯವಕ್ಕೇ ಬಳಸುತ್ತಿದ್ದರು. ಇಡೀ ಪೆಟ್ಟಿಗೆ ಆ ಮರದ್ದಲ್ಲ, ಒಳಗೆ ಮಹೋಗನಿ ಅಥವಾ ಪೈನ್, ಮೇಲೆ ಕೋರಮಂಡಲ್ಲಿನ ತೆಳು ಹೊದಿಕೆ. ಎಲ್ಲಾದರೂ ಚಕ್ಕೆ ಎದ್ದಿದ್ದರೆ ಅಂಚನ್ನು ನೋಡಿ. ಗರಗಸದಲ್ಲಿ ಸೀಳಿದ ಹಳೆಯ ಹೊದಿಕೆ 1 ಮಿಲಿಮೀಟರಿಗಿಂತ ದಪ್ಪ ಇರುತ್ತದೆ, ಯಂತ್ರದಲ್ಲಿ ಹೆರೆದ ಈಗಿನದು ಅರ್ಧ ಮಿಲಿಮೀಟರಿನ ಆಸುಪಾಸು. ನಮ್ಮ ಆಚಾರಿಗಳು ಮಾಡಿದ ಪೆಟ್ಟಿಗೆಯಾದರೆ ಹೊದಿಕೆಯ ಗೊಡವೆಯೇ ಇರುವುದಿಲ್ಲ, ಹಲಸು, ತೇಗ ಅಥವಾ ಬೀಟೆಯ ಹಲಗೆ ಪೂರ್ತಿ ಒಂದೇ.

ಬಿಜಾಗರಿಯ ಒಂದು ಸ್ಕ್ರೂ ಮಾತ್ರ ಜೋಪಾನವಾಗಿ ಬಿಚ್ಚಿ ನೋಡಿ. 19ನೇ ಶತಮಾನದ ನಡುವಿನ ತನಕ ಸ್ಕ್ರೂಗಳ ತುದಿ ಮೊಂಡಾಗಿತ್ತು, ತಲೆಯ ಗೀರು ಕೈಯಲ್ಲಿ ಅರೆದದ್ದರಿಂದ ನಡುವಿನಿಂದ ಒಂಚೂರು ಜಾರಿರುತ್ತಿತ್ತು. ಅನಂತರದವು ಚೂಪು ತುದಿಯವು. ನಕ್ಷತ್ರ ಗೀರಿನ ಸ್ಕ್ರೂ ಕಂಡರೆ ಅದು 1930ರ ದಶಕದ ಮೇಲಿನದು, ಅಂದರೆ ಯಾರೋ ದುರಸ್ತಿ ಮಾಡಿದ್ದಾರೆ. ಬಿಚ್ಚಿದ ಸ್ಕ್ರೂವನ್ನು ಅದೇ ತೂತಿಗೆ ಮರಳಿ ಹಾಕಿ.

ಬೀಗದ ತೂತು ಸಾಧಾರಣ ಆಕಾರದಲ್ಲಿದ್ದರೆ ಅದು ಲಿವರ್ ಬೀಗ. ಒಳ್ಳೆಯ ಬೀಗದ ಕೆಲಸದವರು ಬೀಗವನ್ನು ಬಿಚ್ಚಿ ನೋಡಿ ಹೊಸ ಕೈ ಮಾಡಿಕೊಡಬಲ್ಲರು. ದುಂಡನೆಯ ತೂತು, ನಡುವೆ ಒಂದು ಕಡ್ಡಿ, ಸುತ್ತ ಸಣ್ಣ ಸೀಳುಗಳು ಇದ್ದರೆ ಅದು ಬ್ರಾಮಾ ಬೀಗ. ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದದ್ದು. ಅದರ ಕೈ ಸಣ್ಣ ಕೊಳವೆಯಂತೆ ಇರುತ್ತದೆ, ಊರಿನ ಕೆಲಸಕ್ಕೆ ಬಗ್ಗುವುದಿಲ್ಲ. ಎರಡರಲ್ಲಿ ಯಾವುದೇ ಇರಲಿ, ಬೀಗದ ಕೈ ಸಿಗುವ ತನಕ ಮುಚ್ಚಳ ಪೂರ್ತಿ ಇಳಿಯದಂತೆ ಅಂಚಿಗೆ ಬಟ್ಟೆಯ ಮಡಿಕೆ ಇಡಿ. ಕೆಲವು ಬೀಗ ಮುಚ್ಚಿದ ಕ್ಷಣವೇ ಕಚ್ಚಿಕೊಳ್ಳುತ್ತದೆ. ಆಮೇಲೆ ತೆರೆಯಲು ಹೊರಟರೆ ಬೀಗದ ಸುತ್ತಲಿನ ಮರವೇ ಸೀಳುತ್ತದೆ.

ಕನ್ನಡಿಯ ವಿಷಯದಲ್ಲಿ ಒಂದು ಎಚ್ಚರ. ಹಳೆಯ ಕನ್ನಡಿಗಳ ಹಿಂಬದಿಯಲ್ಲಿ ತವರ ಮತ್ತು ಪಾದರಸದ ಲೇಪ ಇರುತ್ತಿತ್ತು. ಬೆಳ್ಳಿ ಲೇಪದ ವಿಧಾನವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1835ರಲ್ಲಿ ಕಂಡುಹಿಡಿದರೂ ಪಾದರಸದ್ದು ಕೆಲವು ದಶಕ ನಡೆಯಿತು. ಬೆಳ್ಳಿಯದಾದರೆ ಬೆನ್ನಿಗೆ ಕೆಂಪು ಅಥವಾ ಕಂದು ಬಣ್ಣ ಬಳಿದಿರುತ್ತಾರೆ. ಬಣ್ಣವಿಲ್ಲದೆ ಬೂದು ಲೋಹವೇ ಕಂಡರೆ, ಗಾಜಿನ ಮುಂದೆ ಬಿಳಿ ಕಾಗದ ಹಿಡಿದಾಗ ಪ್ರತಿಬಿಂಬ ನೀಲಿಬೂದಾಗಿ ಕಂಡರೆ, ಅದು ಪಾದರಸದ್ದು. ಕೆರೆಯಬೇಡಿ, ಹೊಸ ಗಾಜು ಹಾಕಿಸಬೇಡಿ, ಕೆಳ ಅಂಚಿನಲ್ಲಿ ಸಣ್ಣ ಹನಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಮಸುಕಾದ ಹಳೆ ಕನ್ನಡಿಯೇ ಇರಲಿ, ಅದು ಪೆಟ್ಟಿಗೆಯ ಭಾಗ. ಕನ್ನಡಿಯ ಚೌಕಟ್ಟು ಹೆಚ್ಚಿನವುಗಳಲ್ಲಿ ಕಳಚಿ ಬರುತ್ತದೆ. ಹಿಂದೆ ಕಾಗದ ಇಡುವ ಚರ್ಮದ ಚೀಲ ಇರುತ್ತದೆ. ಅದರಲ್ಲಿ ಹಳೆಯ ಚೀಟಿಯೋ ರಸೀದಿಯೋ ಉಳಿದಿದ್ದರೆ ಎಸೆಯಬೇಡಿ. ಚರ್ಮದ ಮೇಲೆ ಅಥವಾ ಬೀಗದ ಫಲಕದಲ್ಲಿ ಆಸ್ಪ್ರೇ, ಮ್ಯಾಪಿನ್ ಅಂಡ್ ವೆಬ್ ಮುಂತಾದ ಇಂಗ್ಲೆಂಡಿನ ಹೆಸರಾಂತ ಅಂಗಡಿಗಳ ಹೆಸರು ಅಚ್ಚಾಗಿದ್ದರೆ ಬೆಲೆ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ.

ಆ ಗುಂಡಿ

ನಿಮ್ಮ ಪೆಟ್ಟಿಗೆಯ ಅತಿ ಸುಂದರ ಭಾಗ ಬಹುಶಃ ನೀವು ಇನ್ನೂ ನೋಡದ್ದು. ಗುಂಡಿಯಿಂದ ಒಂದು ಕಡ್ಡಿ ಗೋಡೆಯೊಳಗೆ ಇಳಿದು ಕೆಳಗಿನ ಡ್ರಾಯರಿನ ಕೊಂಡಿಗೆ ತಾಗುತ್ತದೆ. ಒತ್ತಿದರೆ ಕೊಂಡಿ ಬಿಡುತ್ತದೆ, ಹಿಂದಿರುವ ಸ್ಪ್ರಿಂಗು ಡ್ರಾಯರನ್ನು ಮುಂದಕ್ಕೆ ತಳ್ಳುತ್ತದೆ. ಇನ್ನೊಂದು ಬಗೆಯಲ್ಲಿ ಗುಂಡಿಯನ್ನು ಒತ್ತುವುದಲ್ಲ, ಮೇಲಕ್ಕೆ ಎಳೆಯಬೇಕು. ಅದು ಡ್ರಾಯರಿನ ತೂತಿಗೆ ಇಳಿದಿರುವ ಪಿನ್ನು. ಉಗುರಿನಲ್ಲಿ ಎತ್ತಿ ನೋಡಿ, ಒಂದು ಕೂದಲೆಳೆಯಷ್ಟು ಅಲುಗಿದರೂ ಅದು ಎಳೆಯುವ ಬಗೆ.

ಒತ್ತುವ ಬಗೆಯಾದರೆ ಕಿವಿಗೊಟ್ಟು ಕೇಳಿ. ಟಕ್ ಎಂದು ಶಬ್ದ ಬಂದು ಡ್ರಾಯರು ಬಾರದಿದ್ದರೆ ಕೊಂಡಿ ಸರಿಯಿದೆ, ಮರ ಉಬ್ಬಿ ಕಚ್ಚಿದೆ. ನಮ್ಮ ಕರಾವಳಿಯಲ್ಲಿ ಆಟಿಯ ಮಳೆಗೆ ಬಾಗಿಲೇ ಕಚ್ಚಿಕೊಳ್ಳುವಾಗ ಡ್ರಾಯರು ಕಚ್ಚುವುದು ಸಹಜ. ಬಾಟಲಿ, ಟ್ರೇ ಎಲ್ಲ ತೆಗೆದು, ಪೆಟ್ಟಿಗೆಯನ್ನು ಎಸಿ ಇರುವ ಕೋಣೆಯಲ್ಲಿ, ಆದರೆ ಅದರ ಗಾಳಿ ನೇರ ತಾಗದಂತೆ, ಎರಡು ವಾರ ಇಡಿ. ಬಿಸಿಲಿಗೆ ಇಡಲೇಬೇಡಿ. ಹೊದಿಕೆ ಬೇಗ ಒಣಗಿ, ಒಳಮರ ನಿಧಾನವಾಗಿ ಒಣಗಿ, ನಡುವಿನ ಮರವಜ್ರದ ಅಂಟು ಬಿಟ್ಟು ಚಕ್ಕೆ ಏಳುತ್ತದೆ. ಆಮೇಲೆ ಪೆಟ್ಟಿಗೆಯನ್ನು ಡ್ರಾಯರಿನ ಬದಿ ಕೆಳಗಾಗುವಂತೆ ಒಂಚೂರು ಓರೆ ಮಾಡಿ, ಒಬ್ಬರು ಗುಂಡಿ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಹಿಂಬದಿಯ ಗೋಡೆಗೆ ಅಂಗೈಯಿಂದ ಮೆಲ್ಲಗೆ ತಟ್ಟಲಿ. ಶಬ್ದವೇ ಬರದಿದ್ದರೆ ಕೊಂಡಿಗೆ ತುಕ್ಕು ಹಿಡಿದಿದೆ. ಗುಂಡಿಯ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಸೂಜಿಯ ತುದಿಯಿಂದ ಬಿಟ್ಟು, ಮರುದಿನ ನೋಡಿ. ಹೆಚ್ಚಾದರೆ ಮಖಮಲ್ಲು ಎಣ್ಣೆ ಹೀರಿ ಕಲೆಯಾಗುತ್ತದೆ. ಇಷ್ಟಕ್ಕೂ ಬಾರದಿದ್ದರೆ ಹಾಗೇ ಬಿಡಿ. ತೆರೆಯದ ಡ್ರಾಯರಿನ ಪೆಟ್ಟಿಗೆಗೂ ಬೆಲೆಯಿದೆ. ಸಂದಿಗೆ ಉಳಿ ಹಾಕಿ ಕಿತ್ತ ಪೆಟ್ಟಿಗೆಗೆ ಅದರ ಅರ್ಧವೂ ಸಿಗುವುದಿಲ್ಲ.

ಬಿಳಿ ಹಿಡಿ, ಮತ್ತು ಕಾನೂನು

ಕೊಕ್ಕೆಯಂಥದ್ದು ಬೂಟಿನ ಮತ್ತು ಕೈಗವಸಿನ ಗುಂಡಿ ಎಳೆಯುವ ಉಪಕರಣ. ಹಿಡಿ ಯಾವುದರದ್ದು ಎಂಬುದು ಮುಖ್ಯ. ತಣ್ಣಗಿದ್ದು, ತಿರುಗಿಸಿದಾಗ ಗುಲಾಬಿ ಹಸಿರು ಬಣ್ಣ ಹೊಳೆದರೆ ಮುತ್ತಿನ ಚಿಪ್ಪು. ಭೂತಗನ್ನಡಿಯಲ್ಲಿ ಕಂದು ಚುಕ್ಕಿಗಳೋ ಸಣ್ಣ ಕಪ್ಪು ಗೀರುಗಳೋ ಕಂಡರೆ ಮೂಳೆ, ಅವು ರಕ್ತನಾಳದ ದಾರಿಗಳು. ಹಿಡಿಯ ತುದಿಯ ಅಡ್ಡಸೀಳಿನಲ್ಲಿ ಒಂದರ ಮೇಲೊಂದು ಹಾಯುವ ಬಾಗಿದ ಗೆರೆಗಳ ಜಾಲ ಕಂಡರೆ ದಂತ. ಗೆರೆಗಳು ಸ್ಕೇಲಿಟ್ಟು ಎಳೆದಂತೆ ಸಮಾನಾಂತರವಾಗಿದ್ದರೆ ಸೆಲ್ಯುಲಾಯ್ಡ್. ಅದರ ಕಾಲ 1870ರ ದಶಕದಿಂದ ಈಚೆಗೆ. ಬಿಸಿ ಸೂಜಿ ಚುಚ್ಚಿ ನೋಡುವ ಹಳೆಯ ಪರೀಕ್ಷೆ ಬೇಡವೇ ಬೇಡ: ಸೆಲ್ಯುಲಾಯ್ಡ್ ಭಗ್ ಎಂದು ಹೊತ್ತಿಕೊಳ್ಳುತ್ತದೆ. ಸೆಲ್ಯುಲಾಯ್ಡ್ ಆಗಿದ್ದರೆ ಅದನ್ನು ಬೇರೆ ಡಬ್ಬಿಯಲ್ಲಿ, ಗಾಳಿಯಾಡುವಂತೆ ಇಡಿ. ನಮ್ಮ ಸೆಕೆಗೆ ಅದು ಆಮ್ಲದ ಹಬೆ ಬಿಡುತ್ತಾ ಪಕ್ಕದ ಲೋಹವನ್ನೂ ತಿನ್ನುತ್ತದೆ.

ದಂತವಾದರೆ ಮಾರುವ ಮಾತು ಅಲ್ಲಿಗೆ ನಿಲ್ಲಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ನಿಷಿದ್ಧ. ಭಾರತದ ದಂತಕ್ಕೆ 1986ರ ತಿದ್ದುಪಡಿಯಲ್ಲಿ, ಆಫ್ರಿಕದಿಂದ ಬಂದದ್ದಕ್ಕೆ 1991ರಲ್ಲಿ ನಿಷೇಧ ಬಂತು. ಹಳೆಯದು, ಅಜ್ಜಿಯದು ಎಂಬ ಮಾತು ಮಾರಾಟದ ವಿಷಯದಲ್ಲಿ ನಡೆಯುವುದಿಲ್ಲ. ಕಡಲಾಮೆಯ ಚಿಪ್ಪಿಗೂ ಇದೇ ನಿಯಮ. ಮಂಗಳೂರು, ಕುಂದಾಪುರದ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಇನ್ನೊಂದು ಕಾಯ್ದೆ 1972ರ ಪ್ರಾಚ್ಯವಸ್ತು ಕಾಯ್ದೆ, ಜಾರಿಯಾದದ್ದು 1976ರಲ್ಲಿ. ನೂರು ವರ್ಷ ದಾಟಿದ ಕುಶಲವಸ್ತು ಅದರ ಲೆಕ್ಕಕ್ಕೆ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಅದನ್ನೇ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ದುಬಾಯಿಯಲ್ಲೋ ಲಂಡನ್ನಿನಲ್ಲೋ ಇರುವ ಮಗ ಬ್ಯಾಗಿನಲ್ಲಿ ಕೊಂಡುಹೋಗಲಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಬೆಲೆಯ ಲೆಕ್ಕ

ಬೆಲೆ ಮೂರು ಬಗೆ, ಜನ ಇವನ್ನು ಒಂದಕ್ಕೊಂದು ಬೆರೆಸಿಬಿಡುತ್ತಾರೆ. ಕರಗಿಸಿದರೆ ಬರುವ ಲೋಹದ ಬೆಲೆ, ಮಾರಿದರೆ ಕೈಗೆ ಬರುವ ಬೆಲೆ, ಅಂಗಡಿಯ ಕಪಾಟಿನಲ್ಲಿ ಚೀಟಿ ಹಚ್ಚಿದ ಬೆಲೆ. ಅಂತರ್ಜಾಲದಲ್ಲಿ ಕಾಣುವುದು ಮೂರನೆಯದು. ಅದನ್ನು ನೋಡಿ ಲಕ್ಷ ಎಂದುಕೊಳ್ಳಬೇಡಿ.

ಮೊದಲನೆಯದನ್ನು ನೀವೇ ತೆಗೆಯಬಹುದು. ಐದು ಬೆಳ್ಳಿ ಮುಚ್ಚಳ ಗಾಜಿನಿಂದ ಬೇರೆಯಾಗುವಂಥವಾದರೆ ರಥಬೀದಿಯ ಯಾವುದೇ ಚಿನ್ನದಂಗಡಿಯಲ್ಲಿ ತೂಗಿಸಿ. ಕ್ಯಾರಟ್ ಮೀಟರ್ ಇದ್ದರೆ ಶುದ್ಧತೆ ನೋಡಲಿ, ಒರೆಗಲ್ಲಿಗೆ ಉಜ್ಜಲು ಬಿಡಬೇಡಿ. ಒಟ್ಟು 140 ಗ್ರಾಂ ಬಂತೆನ್ನಿ: 140ನ್ನು 0.925ರಿಂದ ಗುಣಿಸಿದರೆ 129.5 ಗ್ರಾಂ ಶುದ್ಧ ಬೆಳ್ಳಿ. ಲೆಕ್ಕದ ಅನುಕೂಲಕ್ಕೆ ಗ್ರಾಂಗೆ 100 ರೂಪಾಯಿ ಹಿಡಿದರೆ 12,950. ನೀವು ಆ ದಿನದ ದರ ಹಾಕಿ. ಪೆಟ್ಟಿಗೆ, ಗಾಜು, ಬೀಗ, ಕೆಲಸ ಯಾವುದನ್ನೂ ಎಣಿಸದೆ ಇಷ್ಟಾಗುವಾಗ 8,000 ಎಂಬುದು ಬೆಳ್ಳಿಯ ಬೆಲೆಯೂ ಅಲ್ಲ. ಬ್ರಶ್ಶಿನ ಬೆನ್ನು, ಕೈಗನ್ನಡಿಯ ಬೆನ್ನು ಇದ್ದರೆ ಅವನ್ನು ತೂಕಕ್ಕೆ ಸೇರಿಸಬೇಡಿ. ಹಾಳೆಯಷ್ಟು ತೆಳುವಾದ ಬೆಳ್ಳಿಯ ಒಳಗೆ ರಾಳ ತುಂಬಿರುತ್ತಾರೆ.

ಎರಡನೆಯ ಬೆಲೆಗೆ ಹೋಲಿಕೆ ಬೇಕು. ಇಂಗ್ಲೆಂಡಿನ ಹರಾಜುಗಳಲ್ಲಿ ಹೆಸರಾಂತ ಅಂಗಡಿಯ, ಎಲ್ಲ ಬೆಳ್ಳಿ ಸಾಮಾನು ಪೂರ್ತಿಯಿರುವ ಕೋರಮಂಡಲ್ ಪೆಟ್ಟಿಗೆ ಸಾವಿರ ಪೌಂಡ್ ದಾಟುವುದುಂಟು. ಬಾಟಲಿ ಕಡಿಮೆಯಾದದ್ದು, ಲೇಪದ ಮುಚ್ಚಳ ಸೇರಿದ್ದು ಕೆಲವೇ ನೂರು ಪೌಂಡಿಗೆ ನಿಲ್ಲುತ್ತದೆ. ನಿಮ್ಮದು ಎರಡನೆಯ ಸಾಲಿನದು, ಮರ ಮಾತ್ರ ಮೊದಲನೆಯ ಸಾಲಿನದು. ಹರಾಜಿನ ಫಲಿತಾಂಶ ನೋಡುವಾಗ ಕೇಳಿದ ಬೆಲೆಯನ್ನಲ್ಲ, ಮಾರಾಟವಾದ ಬೆಲೆಯನ್ನು ಹಿಡಿಯಿರಿ. ಇಲ್ಲಿ ಕೊಳ್ಳುವವರು ಕಡಿಮೆ. ಊರಿನ ವ್ಯಾಪಾರಿಯ ಕೈಯಿಂದ ಇದು ಕೊಚ್ಚಿಯ ಮಟ್ಟಾಂಚೇರಿಗೋ ಕಾರೈಕುಡಿಗೋ ಮುಂಬೈಯ ಚೋರ್ ಬಜಾರಿಗೋ ಹೋಗುತ್ತದೆ, ಪ್ರತಿ ಕೈಯಲ್ಲೂ ಲಾಭ ಸೇರುತ್ತದೆ. ನೀವು ಹೇಳಿದ್ದೆಲ್ಲ ಹಾಗೇ ಇದ್ದರೆ, ಹೊದಿಕೆ ಎಲ್ಲೂ ಹೋಗಿರದಿದ್ದರೆ, ಮಾತು 25,000ದ ಕೆಳಗೆ ಶುರುವಾಗಬಾರದು ಎಂಬುದು ನನ್ನ ಅಭಿಪ್ರಾಯ. ಡ್ರಾಯರು ತೆರೆದರೆ, ಅಂಗಡಿಯ ಹೆಸರು ಸಿಕ್ಕರೆ ಇನ್ನೂ ಮೇಲೆ. ಮರ ಕುಂಬಾಗಿದ್ದರೆ, ಕುಟ್ಟೆ ಹುಳದ ತೂತಿನಿಂದ ಹಳದಿ ಹುಡಿ ಉದುರುತ್ತಿದ್ದರೆ ಕೆಳಗೆ.

ಹೋಲಿಸುವಾಗ ಬೇರೆ ಪೆಟ್ಟಿಗೆಗಳ ಜೊತೆ ಬೆರೆಸಬೇಡಿ. ಓರೆಯಾಗಿ ತೆರೆದು ಮೇಜಿನಂತಾಗುವುದು ಬರವಣಿಗೆಯ ಪೆಟ್ಟಿಗೆ. ತವರದ ಹಾಳೆ ಒಳಗಿರುವ ಎರಡು ಗೂಡಿನದು ಚಹಾಪುಡಿಯದು. ನಮ್ಮ ಕಡೆ ಇನ್ನೆರಡು ಹೆಚ್ಚು ಸಿಗುತ್ತವೆ. ಮನೆಯ ಮಾಡಿನಂತೆ ಏರಿದ ಮುಚ್ಚಳ, ತುಂಬ ಹಿತ್ತಾಳೆ ಪಟ್ಟಿ, ಕೆಂಪು ಅರಗಿನ ಬಣ್ಣ ಇದ್ದರೆ ಅದು ಮಲಬಾರಿನ ನೆಟ್ಟೂರು ಪೆಟ್ಟಿ, ಒಡವೆಯದು. ಕೊಳ್ಳುವವರೇ ಬೇರೆ, ಬೆಲೆಯ ದಾರಿಯೇ ಬೇರೆ. ಎಲೆ ಅಡಿಕೆಯ ಪೆಟ್ಟಿಗೆಯನ್ನೂ ಕೆಲವರು ಕನ್ನಡಿ ಹಚ್ಚಿ ಶೃಂಗಾರ ಪೆಟ್ಟಿಗೆ ಎಂದು ಮಾರುತ್ತಾರೆ. ಗೂಡಿನ ಮೂಲೆಯನ್ನು ಸೂಜಿಯಲ್ಲಿ ಕೆದಕಿ: ಮರದ ಸಂದಿಯಲ್ಲಿ ಒಣಗಿದ ಸುಣ್ಣದ ಬಿಳಿ ಹುಡಿ ಸಿಕ್ಕರೆ ಗುಟ್ಟು ಬಯಲು. ಊರಿನ ಹಳೆಯ ಮನೆಸಾಮಾನು ಹೇಗಿರುತ್ತಿತ್ತು ಎಂದು ಕಣ್ಣು ಪಳಗಿಸಲು ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮ, ಮಂಗಳೂರಿನ ಬಿಜೈಯ ಶ್ರೀಮಂತಿ ಬಾಯಿ ಸಂಗ್ರಹಾಲಯ, ಸಂತ ಅಲೋಶಿಯಸ್‌ನ ಅಲೋಶಿಯಂ ಮೂರನ್ನೂ ಒಮ್ಮೆ ನಿಧಾನವಾಗಿ ನೋಡಿ ಬನ್ನಿ.

ಒರೆಸುವುದು, ಇಡುವುದು

ಪಾಲಿಶ್ ಯಾಕೆ ಬೇಡ ಎಂದರೆ, ಹಳೆಯ ಅರಗಿನ ಪಾಲಿಶ್ ಮೇಲೆ ಮರಳು ಕಾಗದ ಆಡಿಸಿದರೆ ಮಿಲಿಮೀಟರ್ ದಪ್ಪದ ಹೊದಿಕೆ ಮೂಲೆಗಳಲ್ಲಿ ಸವೆದು ಒಳಮರ ಕಾಣುತ್ತದೆ. ಅದನ್ನು ಮರಳಿ ತರಲು ಯಾರಿಂದಲೂ ಆಗುವುದಿಲ್ಲ. ಅಟ್ಟದ ಇಲ್ಲಣ ಹಿಡಿದಿದ್ದರೆ ಮೊದಲು ಮೆತ್ತನೆಯ ಬ್ರಶ್ಶಿನಿಂದ ಒಣದಾಗಿಯೇ ತೆಗೆಯಿರಿ. ಒದ್ದೆ ಬಟ್ಟೆ ತಾಗಿಸಿದರೆ ಮಸಿ ಮರದ ರಂಧ್ರಕ್ಕೆ ಇಳಿಯುತ್ತದೆ. ತೆಂಗಿನೆಣ್ಣೆ ಹಚ್ಚಬೇಡಿ, ಧೂಳು ಹಿಡಿದು ಅಂಟಂಟಾಗಿ ಕಮಟುತ್ತದೆ. ಹಿತ್ತಾಳೆ ಪಟ್ಟಿಗೆ ಹುಣಸೆಹುಳಿ, ಬೆಳ್ಳಿಗೆ ವಿಭೂತಿ, ಹಲ್ಲುಜ್ಜುವ ಪೇಸ್ಟು, ಯಾವುದೂ ಬೇಡ. ಹುಳಿ ಮರಕ್ಕೆ ಇಳಿದು ಕಲೆ ಮಾಡುತ್ತದೆ, ಪೇಸ್ಟು ಮುದ್ರೆಯನ್ನೇ ಅಳಿಸುತ್ತದೆ. ಮುಚ್ಚಳದ ಒಳಬದಿ ಹಳದಿಯಾಗಿ ಕಂಡರೆ ಅದು ಬೆಳ್ಳಿಯ ಮೇಲಿನ ಚಿನ್ನದ ಲೇಪ, ಉಜ್ಜಿದಷ್ಟೂ ಹೋಗುತ್ತದೆ.

ಎದ್ದ ಚಕ್ಕೆಗೆ ಫೆವಿಕಾಲ್ ಹಾಕಬೇಡಿ. ಮರವಜ್ರವನ್ನು ಬೆಚ್ಚಗೆ ಮಾಡಿ ಬಿಡಿಸಬಹುದು, ಫೆವಿಕಾಲನ್ನು ಚಕ್ಕೆ ಕೀಳದೆ ಬಿಡಿಸಲಾಗದು. ಬಿದ್ದ ಚಕ್ಕೆಗಳನ್ನು ಒಂದು ಕಾಗದದ ಲಕೋಟೆಗೆ ಹಾಕಿ ಪೆಟ್ಟಿಗೆಯೊಳಗೇ ಇಡಿ. ಬಾಟಲಿಯ ಬಿರಟೆ ಕಚ್ಚಿದ್ದರೆ ಬಿಸಿನೀರು ಸುರಿಯಬೇಡಿ, ಕೊರೆದ ಗಾಜು ಸೀಳುತ್ತದೆ. ಕುತ್ತಿಗೆಗೆ ಒಂದು ಹನಿ ಎಣ್ಣೆ ಬಿಟ್ಟು ಎರಡು ದಿನ ಕಾದು, ಮರದ ಚಮಚದ ಹಿಡಿಯಿಂದ ಎರಡೂ ಬದಿ ಮೆಲ್ಲಗೆ ತಟ್ಟಿ. ಮಖಮಲ್ಲನ್ನು ತೊಳೆಯುವುದು ಬೇಡ, ಹಳೆಯ ನೀಲಿ ನೀರಿಗೆ ಬಿಡುತ್ತದೆ. ವ್ಯಾಕ್ಯೂಮ್ ಕೊಳವೆಯ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ ಧೂಳು ಎಳೆಯಿರಿ.

ಮಳೆಗಾಲದಲ್ಲಿ ಹೊರಗೋಡೆಗೆ ತಾಗದ ಕಪಾಟಿನಲ್ಲಿ, ನೆಲದಿಂದ ಎತ್ತರಕ್ಕೆ, ಹತ್ತಿ ಬಟ್ಟೆ ಸುತ್ತಿ ಇಡಿ. ಪ್ಲಾಸ್ಟಿಕ್ ಸುತ್ತಿದರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ನೂರು ಗ್ರಾಂ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಹಾಕಿ ಒಳಗಿಡಿ, ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿ ಮತ್ತೆ ಬಳಸಿ. ನುಸಿಗುಳಿಗೆ ಒಳಗೆ ಹಾಕಬೇಡಿ.

ಖಾಲಿ ಇರುವ ಮೂರು ಗೂಡುಗಳಿಗೆ ಸದ್ಯ ಏನನ್ನೂ ತುಂಬಬೇಡಿ. ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದರೆ ಆ ಗೂಡುಗಳ ಒಳ ಅಗಲ, ಉದ್ದ, ಟ್ರೇ ತಗಲುವ ತನಕದ ಎತ್ತರ ಮೂರನ್ನೂ ಮಿಲಿಮೀಟರಿನಲ್ಲಿ ಅಳೆದು, ಪಕ್ಕದ ಬಾಟಲಿಯ ತಳದ ನಕ್ಷತ್ರದ ಫೋಟೋ ಮತ್ತು ಬೆಳ್ಳಿಯ ತಯಾರಕರ ಮೊದಲಕ್ಷರಗಳ ಜೊತೆ ಒಂದು ಚೀಟಿಯಲ್ಲಿ ಬರೆದಿಡಿ. ಬಿಡಿ ಬಾಟಲಿಗಳು ಹರಾಜಿನಲ್ಲಿ ಆಗಾಗ ಬರುತ್ತವೆ, ಅಳತೆಯಿಲ್ಲದೆ ಕೊಂಡದ್ದು ಒಂದೂ ಗೂಡಿಗೆ ಇಳಿಯುವುದಿಲ್ಲ.